ಜಾಂಬೂರಿಯ ಗಂಟುಮೂಟೆ

ಪ್ರಯಾಣಕ್ಕೆ ಹೊರಡುವವರು ಗಂಟುಮೂಟೆ ಕಟ್ಟುವುದನ್ನು ನೋಡುವುದೆಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಕುತೂಹಲ. ಮನುಷ್ಯನ ಸ್ವಭಾವವು ಅವನ ಮಾತಿನಲ್ಲಿ ಕಾಣುವುದಕ್ಕಿಂತ ಅವನ ಗಂಟಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮೂರು ದಿನದ ಪ್ರವಾಸಕ್ಕೆ ಮೂರು ತಿಂಗಳ ಸಾಮಾನು ಹೊರುವವರು ಕೆಲವರು; ಹೊದಿಕೆಯನ್ನೇ ಮರೆತು, ಕನ್ನಡಿ ಬಾಚಣಿಗೆಗಳನ್ನು ಮಾತ್ರ ಜೋಪಾನವಾಗಿ ತರುವವರು ಮತ್ತೆ ಕೆಲವರು. ಮೂವತ್ತೊಂದು ವರ್ಷ ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದ ನಾನು, ಅದರಲ್ಲಿ ಬಹುಕಾಲ ಸ್ಕೌಟ್ ಮಾಸ್ತರನೂ ಆಗಿದ್ದೆ. ಎಷ್ಟೋ ಹುಡುಗರ ಗಂಟುಗಳನ್ನು ಬಿಚ್ಚಿಸಿ, ಪರೀಕ್ಷಿಸಿ, ಮತ್ತೆ ಕಟ್ಟಿಸಿದ್ದೇನೆ. ಆದರೆ ಗಂಟು ಕಟ್ಟುವುದೆಂದರೆ ಏನೆಂಬುದನ್ನು ನಾನು ಸರಿಯಾಗಿ ಕಲಿತದ್ದು ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿದ್ದಾಗ, 2016ನೆಯ ಇಸವಿಯಲ್ಲಿ.

ಆ ವರ್ಷದ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಮೈಸೂರಿನ ಹೊರವಲಯದಲ್ಲಿ, ನಂಜನಗೂಡಿನ ಕಡೆಗೆ, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ 17ನೆಯ ರಾಷ್ಟ್ರೀಯ ಜಾಂಬೂರಿ ನಡೆಯುವುದೆಂದು ಗೊತ್ತಾಯಿತು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದ ನಮ್ಮ ಶಾಲೆಯಿಂದ ಎಂಟು ಹುಡುಗರ ಒಂದು ತಂಡಕ್ಕೆ ಅವಕಾಶ ದೊರೆಯಿತು. ಅವರಲ್ಲಿ ಆರು ಮಂದಿ ಅದುವರೆಗೆ ರೈಲುಗಾಡಿಯನ್ನು ಹತ್ತಿದವರಲ್ಲ. ಮೈಸೂರು ಎಂದರೆ ಅವರಿಗೆ ಪಠ್ಯಪುಸ್ತಕದಲ್ಲಿ ಕಂಡ ಅರಮನೆಯ ಚಿತ್ರ, ಅಷ್ಟೆ. ಸುದ್ದಿ ಕೇಳಿದ ದಿನ ಅವರಿಗೆ ಪಾಠದ ಕಡೆ ಗಮನವೇ ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಇರಲಿಲ್ಲ.

ಸ್ಕೌಟ್ ಚಳವಳಿಯ ಕಥೆಯನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಎಂಬ ಪಟ್ಟಣವನ್ನು 1899ರ ಅಕ್ಟೋಬರಿನಿಂದ 1900ರ ಮೇ ತಿಂಗಳವರೆಗೆ 217 ದಿನಗಳ ಕಾಲ ಶತ್ರುಸೈನ್ಯ ಮುತ್ತಿತ್ತು. ಆಗ ಸುದ್ದಿ ಸಾಗಿಸುವುದೇ ಮೊದಲಾದ ಕೆಲಸಗಳನ್ನು ಅಲ್ಲಿನ ಬಾಲಕರು ಧೈರ್ಯದಿಂದ ನಿರ್ವಹಿಸಿದರು. ಪಟ್ಟಣವನ್ನು ಕಾಯುತ್ತಿದ್ದ ಸೇನಾಧಿಕಾರಿ ಬೇಡನ್ ಪೊವೆಲ್ ಅದನ್ನು ಮರೆಯಲಿಲ್ಲ. ಹೊಣೆ ಕೊಟ್ಟರೆ ಹುಡುಗರು ಹೊರಬಲ್ಲರು ಎಂಬ ನಂಬಿಕೆಯಿಂದ ಅವನು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಬಾಲಕರ ಶಿಬಿರವೊಂದನ್ನು ನಡೆಸಿದನು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಂದೇ ಗುಡಾರದಲ್ಲಿ ಮಲಗಿದರು. ಹದಿಮೂರು ವರ್ಷ ಕಳೆಯುವಷ್ಟರಲ್ಲಿ, 1920ರಲ್ಲಿ, ಹಲವು ದೇಶಗಳ ಸ್ಕೌಟರು ಲಂಡನ್ನಿನಲ್ಲಿ ಒಟ್ಟುಗೂಡಿದರು. ಅದೇ ಮೊದಲನೆಯ ವಿಶ್ವ ಜಾಂಬೂರಿ.

ನಮ್ಮ ದೇಶದಲ್ಲಿ ಈ ಚಳವಳಿ 1909ರಲ್ಲಿ ಬೆಂಗಳೂರಿನಲ್ಲಿಯೇ ಮೊದಲಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಆ ಮೊದಲ ದಳಗಳಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಆನಿ ಬೆಸೆಂಟರು ಮದರಾಸಿನಲ್ಲಿಯೂ, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಉತ್ತರದಲ್ಲಿಯೂ ನಮ್ಮ ಮಕ್ಕಳಿಗಾಗಿಯೇ ಸಂಸ್ಥೆಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಅದರ ಮೊದಲ ರಾಷ್ಟ್ರೀಯ ಜಾಂಬೂರಿ 1953ರಲ್ಲಿ ಹೈದರಾಬಾದಿನಲ್ಲಿ ನಡೆಯಿತು. ಇಷ್ಟು ದೊಡ್ಡ ಪರಂಪರೆಗೆ ನಮ್ಮ ಹಳ್ಳಿಯ ಎಂಟು ಹುಡುಗರೂ ಸೇರಲಿದ್ದರು. 'ಸಿದ್ಧನಾಗಿರು' ಎಂಬುದು ಸ್ಕೌಟಿನ ಧ್ಯೇಯವಾಕ್ಯ. ಸರಿ, ಸಿದ್ಧತೆಗೆ ತೊಡಗಿದೆವು.

ಮೊದಲನೆಯದಾಗಿ ಸಾಮಾನಿನ ಪಟ್ಟಿ. ಎರಡು ಜೊತೆ ಸಮವಸ್ತ್ರ, ಕೊರಳ ಸ್ಕಾರ್ಫು, ಸೀಟಿ, ಕಂಬಳಿ, ತಟ್ಟೆ ಲೋಟ, ಬ್ಯಾಟರಿ ದೀಪ, ಹಗ್ಗ, ಸೂಜಿ ದಾರ, ಸಾಬೂನು—ಹೀಗೆ ಮೂವತ್ತು ವಸ್ತುಗಳನ್ನು ಬರೆದು ಹಂಚಿದೆ. ಎರಡನೆಯದಾಗಿ ಅಭ್ಯಾಸ. ಪ್ರತಿದಿನ ಸಂಜೆ ಶಾಲೆಯ ಬಯಲಿನಲ್ಲಿ ಗುಡಾರ ಹೂಡುವುದು, ಕಳಚುವುದು. ಮೊದಲ ದಿನ ಅವರು ಹೊಡೆದ ಗೂಟಗಳು ಗುಡಾರದ ಕಡೆಗೇ ವಾಲಿದ್ದುವು. ಗಾಳಿ ಬಂದೊಡನೆ ಗುಡಾರ ಹುಡುಗರ ತಲೆಯ ಮೇಲೆಯೇ ಕುಳಿತಿತು. ಗೂಟದ ತಲೆ ಗುಡಾರದಿಂದ ಹೊರಕ್ಕೆ ವಾಲಿರಬೇಕು, ಆಗ ಹಗ್ಗ ಎಷ್ಟು ಎಳೆದರೂ ಅದು ಕಿತ್ತು ಬರುವುದಿಲ್ಲ ಎಂಬುದನ್ನು ನಾನು ಹೇಳುವ ಮುನ್ನವೇ ಅವರು ಕಂಡುಕೊಂಡರು. ಒಂದೂ ಮೊಳೆ ಹೊಡೆಯದೆ, ಬಿದಿರು ಮತ್ತು ಹುರಿಯಿಂದಲೇ ಚಪ್ಪಲಿ ಇಡುವ ಗೂಡು, ತಟ್ಟೆ ಒಣಗಿಸುವ ಅಟ್ಟ ಮೊದಲಾದುವನ್ನು ಕಟ್ಟಲು ಕಲಿತರು. ಒಂದು ಶನಿವಾರ ರಾತ್ರಿ ಶಾಲೆಯ ಅಂಗಳದಲ್ಲಿಯೇ ಶಿಬಿರ ಹೂಡಿ, ತಾವೇ ಬೇಯಿಸಿದ ಅರೆಬೆಂದ ಅನ್ನವನ್ನು ಉಂಡು ಮಲಗಿದರು. ಹುಡುಗರನ್ನು ಸಿದ್ಧಗೊಳಿಸುವ ಕೆಲಸ ಹೀಗೆ ಸಲೀಸಾಗಿ ಸಾಗಿತು.

ಕಷ್ಟವಾದದ್ದು ಅವರ ತಂದೆತಾಯಿಗಳನ್ನು ಸಿದ್ಧಗೊಳಿಸುವುದು. ನವೆಂಬರ್ ತಿಂಗಳ ಮೊದಲ ಭಾನುವಾರ ಅವರ ಸಭೆಯೊಂದನ್ನು ಕರೆದೆ. ಗೋವಿನಜೋಳದ ಸುಗ್ಗಿಯ ಕಾಲ. ಆದರೂ ಎಲ್ಲರೂ ಬಂದರು. "ಅಲ್ಲಿ ರಾತ್ರಿ ಕಾವಲು ಯಾರು ಮಾಸ್ತರೇ?" ಎಂದು ಒಬ್ಬಾಕೆ ಕೇಳಿದಳು. "ಅಲ್ಲಿ ರೊಟ್ಟಿ ಸಿಗುತ್ತದೋ, ಬರಿಯ ಅನ್ನವೋ?" ಎಂದು ಇನ್ನೊಬ್ಬಾಕೆ. "ಇವನು ಅಲ್ಲಿ ಹಾಡಿ ಕುಣಿದು ಬರುವಷ್ಟರಲ್ಲಿ ಇಲ್ಲಿ ತೆನೆ ಬಿಡಿಸುವವರು ಯಾರು?" ಎಂದು ಒಬ್ಬ ತಂದೆ ಕೇಳಿದಾಗ ಎಲ್ಲರೂ ನಕ್ಕರು, ಕೇಳಿದವನು ಮಾತ್ರ ನಗಲಿಲ್ಲ. ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಮೊಬೈಲ್ ಫೋನನ್ನು ಹುಡುಗರ ಕೈಗೆ ಕೊಡಬೇಡಿ, ನನ್ನ ಬಳಿ ಒಂದಿರುತ್ತದೆ ಎಂದೆ. ಅದರ ಬದಲಿಗೆ ಪ್ರತಿಯೊಬ್ಬನಿಗೂ ವಿಳಾಸ ಬರೆದ ಎರಡು ಅಂಚೆ ಕಾರ್ಡುಗಳನ್ನು ಕೊಡುವುದಾಗಿ ಹೇಳಿದೆ. ಐವತ್ತು ಪೈಸೆಯ ಆ ಕಾರ್ಡು ಇನ್ನೂ ಅಂಚೆ ಕಚೇರಿಯಲ್ಲಿ ಸಿಗುತ್ತದೆಯೆಂದು ಕೇಳಿ ಕೆಲವರಿಗೆ ಆಶ್ಚರ್ಯವಾಯಿತು.

ಸಭೆ ನಡೆದು ಎರಡು ದಿನಗಳೊಳಗೆ, ನವೆಂಬರ್ 8ರ ರಾತ್ರಿ, ಐನೂರು ಮತ್ತು ಸಾವಿರ ರೂಪಾಯಿಗಳ ಹಳೆಯ ನೋಟುಗಳು ಚಲಾವಣೆಯಿಂದ ಹೋದುವು. ತೆನೆ ಮಾರಿದ ಹಣವನ್ನು ಜಾಂಬೂರಿಯ ಶುಲ್ಕಕ್ಕೆಂದು ಎತ್ತಿಟ್ಟಿದ್ದವರ ಕೈಯಲ್ಲಿ ಉಳಿದದ್ದು ಆ ನೋಟುಗಳೇ. ಬ್ಯಾಂಕಿನ ಮುಂದೆ ದಿನವಿಡೀ ಸಾಲು. ಆದರೂ ಒಬ್ಬರೂ ಹಿಂದೆ ಸರಿಯಲಿಲ್ಲ. ತೆನೆ ಬಿಡಿಸುವವರು ಯಾರು ಎಂದು ಕೇಳಿದ್ದ ತಂದೆಯೇ ಎಲ್ಲರಿಗಿಂತ ಮೊದಲು ಹತ್ತು ರೂಪಾಯಿ ನೋಟುಗಳ ಕಂತೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟನು.

ಶುಲ್ಕದೊಡನೆ ಪ್ರತಿಯೊಬ್ಬನೂ ಪೋಷಕರ ಒಪ್ಪಿಗೆ ಪತ್ರವನ್ನು ತರಬೇಕಾಗಿತ್ತು. ಅದರಲ್ಲಿ ಒಂದು ಅಂಕಣ: 'ಮಗನಿಗೆ ಯಾವುದಾದರೂ ಕಾಯಿಲೆ ಉಂಟೇ?' ಎಂಟು ಪತ್ರಗಳು ಬಂದುವು. ಎಂಟರಲ್ಲಿಯೂ 'ಇಲ್ಲ' ಎಂದೇ ಇದ್ದಿತು. ಅವುಗಳನ್ನು ಒಟ್ಟುಗೂಡಿಸಿ, ಗುಂಡುಸೂಜಿ ಚುಚ್ಚಿ, ಕಡತದಲ್ಲಿ ಇಟ್ಟುಬಿಟ್ಟಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಹಾಗೆ ಇಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನನ್ನ ಬಾಲ್ಯದ ಒಂದು ನೆನಪು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಜಿಲ್ಲಾ ಮಟ್ಟದ ಸ್ಕೌಟ್ ಮೇಳಕ್ಕೆ ಆಯ್ಕೆಯಾಗಿದ್ದೆ. ನಮ್ಮ ಉಪಾಧ್ಯಾಯರು ಒಂದು ಕಾಗದವನ್ನು ನನ್ನ ಕೈಯಲ್ಲಿ ಕೊಟ್ಟು, "ನಿಮ್ಮ ತಂದೆಯ ರುಜು ಹಾಕಿಸಿಕೊಂಡು ಬಾ" ಎಂದರು. ನಾನು ಓಡುತ್ತ ಮನೆಗೆ ಬಂದೆ. ತಂದೆ ಆ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಡಿಸಿ ನನ್ನ ಕೈಗೆ ಹಿಂದಕ್ಕೆ ಕೊಟ್ಟು, "ಬೇಡ, ಹೋಗಬೇಡ" ಎಂದರು. ನಾನು ಅತ್ತೆ, ಊಟ ಬಿಟ್ಟೆ. ಅವರು ಮಾತು ಬದಲಿಸಲಿಲ್ಲ. ಅವರು ಕಠಿಣ ಹೃದಯದವರೆಂದು ಎಷ್ಟೋ ವರ್ಷ ನಾನು ತಿಳಿದಿದ್ದೆ. ನಮ್ಮ ತಂದೆಗೆ ಓದಲು ಬರುತ್ತಿರಲಿಲ್ಲ. ಹಾಗೆಂದು ಮಗನ ಮುಂದೆ ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಾಗಿತ್ತು. ಏನು ಬರೆದಿದೆಯೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೆದರಿಕೆಯಾಗಿತ್ತು. ಇದು ನನಗೆ ಹೊಳೆದದ್ದು ನಾನೇ ತಂದೆಯಾದ ಮೇಲೆ. ನಮ್ಮ ಉಪಾಧ್ಯಾಯರು ಒಳ್ಳೆಯವರು. ಅವರು ಒಮ್ಮೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತು, ನೀರು ಕುಡಿದು, ವಿಷಯವನ್ನು ಬಾಯಿಮಾತಿನಲ್ಲಿ ಹೇಳಿದ್ದರೆ ನಮ್ಮ ತಂದೆ ಇಲ್ಲವೆನ್ನುತ್ತಿರಲಿಲ್ಲ.

ಆದ್ದರಿಂದ ಎಂಟು ಮನೆಗಳಿಗೂ ಹೋಗಬೇಕೆಂದು ನಿಶ್ಚಯಿಸಿದೆ. ಸಂಜೆಗೆ ಒಂದೊಂದು ಮನೆ. ಏಳು ಮನೆಗಳಲ್ಲಿ ಚಹಾ ಕುಡಿದು, ಹುಡುಗನನ್ನು ಹೊಗಳಿ, ಸಂತೋಷದಿಂದ ಹಿಂದಿರುಗಿದೆ. ಎಂಟನೆಯ ಮನೆ ಊರಿನ ಅಂಚಿನಲ್ಲಿದ್ದಿತು. ಆ ಹುಡುಗ ನಮ್ಮ ತಂಡದಲ್ಲಿಯೇ ಚುರುಕಾದವನು. ಹಗ್ಗದ ಗಂಟುಗಳನ್ನು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದನು. ಅವನ ತಂದೆ ಮಳೆಯ ವಿಷಯ ಮಾತನಾಡಿದನು, ಗೋವಿನಜೋಳದ ಬೆಲೆಯ ವಿಷಯ ಮಾತನಾಡಿದನು. ಮಗನ ವಿಷಯ ಬಂದಾಗಲೆಲ್ಲ ಬೇರೆ ಕಡೆ ತಿರುಗಿದನು. ತಾಯಿ ಒಳಗಿನ ಬಾಗಿಲಿನ ಮರೆಯಿಂದ ಈಚೆಗೆ ಬರಲೇ ಇಲ್ಲ. ಏನೋ ಇದೆಯೆಂದು ನನಗೆ ಅನಿಸಿತು. ಆದರೆ ಒತ್ತಿ ಕೇಳುವುದು ಹೇಗೆ? ನನಗೆ ತೋಚಿದ್ದು ಒಂದೇ: ನಮ್ಮ ತಂದೆಯ ಕಥೆಯನ್ನು ಹೇಳಿದೆ. ಅದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಹೊರಟು ನಿಂತಾಗ ಅವನು ನನ್ನೊಡನೆ ಕೆರೆಯ ಏರಿಯವರೆಗೆ ಬಂದನು. ಅಲ್ಲಿ ಯಾರೂ ಇರಲಿಲ್ಲ. "ಮಾಸ್ತರೇ, ಆ ಕಾಗದದಲ್ಲಿ ನಾನು ಸುಳ್ಳು ಬರೆಸಿದ್ದೇನೆ" ಎಂದನು. ಮಗನಿಗೆ ಮೂರ್ಛೆರೋಗವಿತ್ತು. ಎರಡು ವರ್ಷದ ಕೆಳಗೆ ಮೊದಲ ಸಲ ಬಂದಿತ್ತು. ಹುಬ್ಬಳ್ಳಿಯ ವೈದ್ಯರು ಗುಳಿಗೆ ಕೊಟ್ಟಿದ್ದರು. ತಪ್ಪದೆ ನುಂಗುತ್ತಿದ್ದುದರಿಂದ ಕಳೆದ ಏಳು ತಿಂಗಳಿನಿಂದ ಬಂದಿರಲಿಲ್ಲ. ಈ ಸಂಗತಿ ಊರಿನಲ್ಲಿ ಒಬ್ಬರಿಗೂ ತಿಳಿಯದು. "ತಿಳಿದರೆ ಗಾಳಿ ಸೋಕಿದೆ ಎನ್ನುತ್ತಾರೆ. ನಾಳೆ ಮಗಳಿಗೆ ಗಂಡು ಸಿಗುವುದಿಲ್ಲ. ನೀವಾದರೂ, ತಿಳಿದರೆ ಅವನನ್ನು ಕೈಬಿಡುತ್ತೀರಿ. ಅವನು ರಾತ್ರಿ ಕನಸಿನಲ್ಲಿಯೂ ಮೈಸೂರು ಎನ್ನುತ್ತಾನೆ" ಎಂದು ಹೇಳಿ ಕೆರೆಯ ನೀರನ್ನು ನೋಡುತ್ತ ನಿಂತನು.

ನಾನು ಅವನಿಗೆ ಸಮಾಧಾನ ಹೇಳಿ ಬಂದೆ. ಆದರೆ ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಬಂದ ವಿಚಾರವನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಅವನನ್ನು ಬಿಟ್ಟು ಬೇರೆ ಹುಡುಗನನ್ನು ಕರೆದೊಯ್ದರೆ ಚೆನ್ನೆಂದು ನಾನು ಯೋಚಿಸಿದೆ. ಸಾವಿರಾರು ಜನ ಸೇರುವ ಜಾಗ. ಏನಾದರೂ ಆದರೆ ಹೊಣೆ ಯಾರದು? ನಿವೃತ್ತಿಯ ಅಂಚಿನಲ್ಲಿ ನನಗೇಕೆ ಈ ತೊಡಕು? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತನ್ನ ಗುಟ್ಟನ್ನು ನನ್ನಲ್ಲಿ ಹೇಳಿದ ತಪ್ಪಿಗೆ ಆ ತಂದೆಗೆ ನಾನು ಶಿಕ್ಷೆ ಕೊಡಲು ಹೊರಟಿದ್ದೆ. ಹಾಗೆ ಮಾಡಿದರೆ ಮುಂದೆ ಯಾವ ತಂದೆಯೂ ಯಾವ ಉಪಾಧ್ಯಾಯನಿಗೂ ನಿಜ ಹೇಳುವುದಿಲ್ಲ. ಬೆಳಗಾಗುತ್ತಲೆ ಆ ತಂದೆಮಕ್ಕಳನ್ನು ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಹೋದೆ.

ವೈದ್ಯರು ಹುಬ್ಬಳ್ಳಿಯ ಚೀಟಿಗಳನ್ನೆಲ್ಲ ನೋಡಿ, ಹುಡುಗನನ್ನು ಪರೀಕ್ಷಿಸಿ, "ಕಳುಹಿಸಬಹುದು" ಎಂದರು. ಮೂರ್ಛೆರೋಗ ದೆವ್ವದ ಕಾಟವಲ್ಲ, ಅಂಟುವ ರೋಗವೂ ಅಲ್ಲ. ಮಿದುಳಿನ ಜೀವಕೋಶಗಳ ವಿದ್ಯುತ್ ಸಂಕೇತಗಳು ಸ್ವಲ್ಪ ಹೊತ್ತು ಕ್ರಮ ತಪ್ಪಿದಾಗ ಮೈ ಸೆಟೆದುಕೊಂಡು ನಡುಗುತ್ತದೆ, ಅಷ್ಟೆ ಎಂದು ತಂದೆಗೆ ತಿಳಿಯುವಂತೆ ವಿವರಿಸಿದರು. ಗುಳಿಗೆಯ ಹೊತ್ತು ತಪ್ಪಬಾರದು, ನಿದ್ರೆ ಕೆಡಬಾರದು, ಎತ್ತರಕ್ಕೆ ಹತ್ತುವಾಗ, ಬೆಂಕಿಯ ಬಳಿ, ನೀರಿನ ಬಳಿ ಒಬ್ಬನೇ ಇರಬಾರದು ಎಂದು ಕಟ್ಟು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಂದರೆ ಏನು ಮಾಡುತ್ತೀರಿ?" ಎಂದು ಕೇಳಿದರು. "ಕೈಗೆ ಕಬ್ಬಿಣ ಕೊಡುತ್ತೇವೆ" ಎಂದೆ. ನಾನು ಕಂಡದ್ದು ಅಷ್ಟೆ. ವೈದ್ಯರು ತಲೆಯಾಡಿಸಿದರು. ಕಬ್ಬಿಣವೂ ಬೇಡ, ಈರುಳ್ಳಿಯೂ ಬೇಡ. ಬಾಯಿಗೆ ಏನನ್ನೂ ತುರುಕಬಾರದು, ನೀರನ್ನೂ ಹಾಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಕೊರಳಿನ ಬಿಗಿ ಸಡಿಲಿಸಿ, ಒಂದು ಮಗ್ಗುಲಿಗೆ ಹೊರಳಿಸಬೇಕು. ಗಡಿಯಾರ ನೋಡುತ್ತಿರಬೇಕು. ಹೆಚ್ಚಾಗಿ ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಹುಕಾಲ ಪ್ರಥಮ ಚಿಕಿತ್ಸೆ ಕಲಿಸಿದ್ದ ನಾನು ಅಂದು ವಿದ್ಯಾರ್ಥಿಯಾದೆ.

ಉಳಿದದ್ದು ಒಂದು ಪ್ರಶ್ನೆ: ಇದನ್ನು ತಂಡದಲ್ಲಿ ಯಾರಿಗೆ ಹೇಳುವುದು? ರೋಗ ಹುಡುಗನದು, ಗುಟ್ಟೂ ಅವನದೇ. ಆದ್ದರಿಂದ ಅವನನ್ನೇ ಕೇಳಿದೆ. ಅವನು ನೆಲ ನೋಡುತ್ತ ಬಹಳ ಹೊತ್ತು ನಿಂತು, ಒಬ್ಬನ ಹೆಸರನ್ನು ಹೇಳಿದನು. ನನಗೆ ಆಶ್ಚರ್ಯವಾಯಿತು. ಅವರಿಬ್ಬರೂ ದಿನವೂ ಜಗಳವಾಡುತ್ತಿದ್ದವರು. "ಅವನು ಜಗಳ ಆಡುತ್ತಾನೆ ಸರ್. ಆದರೆ ನಗುವುದಿಲ್ಲ" ಎಂದನು. ಆ ಒಬ್ಬನಿಗೆ ಮಾತ್ರ ಹೇಳಿದೆವು. ಯಾರಿಗಾಗಿ ಎಂದು ಹೇಳದೆ ಎಂಟು ಮಂದಿಗೂ ಮೂರ್ಛೆಯ ಪ್ರಥಮ ಚಿಕಿತ್ಸೆಯನ್ನು ಕಲಿಸಿದೆ. ಸರದಿಯ ಮೇಲೆ ಒಬ್ಬೊಬ್ಬನೂ ಮೂರ್ಛೆ ಬಂದವನಂತೆ ಬಿದ್ದನು. ಆ ಹುಡುಗನೂ ತನ್ನ ಸರದಿ ಬಂದಾಗ ನಗುತ್ತ ಬಿದ್ದನು. ತಂದೆ ಒಪ್ಪಿಗೆ ಪತ್ರವನ್ನು ಹಿಂದಕ್ಕೆ ಪಡೆದು, 'ಇಲ್ಲ' ಎಂಬುದನ್ನು ಹೊಡೆದುಹಾಕಿ, 'ಉಂಟು' ಎಂದು ಬರೆಸಿ, ಕೆಳಗೆ ಮತ್ತೊಮ್ಮೆ ರುಜು ಮಾಡಿದನು. ಮೈಸೂರಿನಲ್ಲಿ ಏನೇ ಆದರೂ ಮುಚ್ಚಿಡದೆ ಆ ದಿನವೇ ತಿಳಿಸುವೆನೆಂದು ನಾನೂ ಅವನಿಗೆ ಮಾತು ಕೊಟ್ಟೆ.

ಹೊರಡುವ ಹಿಂದಿನ ದಿನ ಗಂಟುಗಳ ಪರೀಕ್ಷೆ. ಪಟ್ಟಿಯಲ್ಲಿ ಮೂವತ್ತು ವಸ್ತುಗಳಿದ್ದರೆ ಗಂಟುಗಳಲ್ಲಿ ಐವತ್ತಿದ್ದುವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಒಬ್ಬನ ಗಂಟಿನಲ್ಲಿ ಅಜ್ಜಿ ಕೊಟ್ಟ ವಿಭೂತಿ. ಆ ಹುಡುಗನ ಗಂಟಿನಲ್ಲಿ ಒಂದು ಚಿಕ್ಕ ತಗಡಿನ ಡಬ್ಬಿ. ಅದರೊಳಗೆ ತಾಯಿ ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ವಾರದ ಹೆಸರನ್ನು ಮಗಳ ಕೈಯಿಂದ ಬರೆಸಿದ್ದಳು. ಎರಡು ಪೊಟ್ಟಣಗಳು ಹೆಚ್ಚಾಗಿದ್ದುವು. ಗಾಡಿ ತಡವಾದರೆ ಇರಲಿ ಎಂದು. ಸಿದ್ಧನಾಗಿರು ಎಂಬ ಮಾತನ್ನು ಆ ತಾಯಿ ಎಲ್ಲಿಯೂ ಓದಿದವಳಲ್ಲ.

ಹಾವೇರಿಯ ನಿಲ್ದಾಣದಲ್ಲಿ ರಾತ್ರಿಯ ಗಾಡಿ ಹತ್ತಿ ಬೆಳಗಿನ ಹೊತ್ತಿಗೆ ಮೈಸೂರು ಸೇರಿದೆವು. ಜಾಂಬೂರಿಯ ಬಯಲನ್ನು ಕಂಡಾಗ ಹುಡುಗರ ಬಾಯಿಂದ ಮಾತು ಹೊರಡಲಿಲ್ಲ. ಕಣ್ಣು ಹಾಯುವಷ್ಟು ದೂರ ಗುಡಾರಗಳ ಸಾಲು. ಒಂದೊಂದು ರಾಜ್ಯಕ್ಕೂ ಒಂದೊಂದು ಬಿದಿರಿನ ಹೆಬ್ಬಾಗಿಲು. ಮುಂಜಾನೆ ಧ್ವಜವಂದನೆ, ಆಮೇಲೆ ಪಥಸಂಚಲನ, ಕವಾಯತು, ಸಾಹಸದ ಆಟಗಳು, ವಸ್ತುಪ್ರದರ್ಶನ. ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡು ಕುಣಿತ. ಆಹಾರದ ಅಂಗಳದಲ್ಲಿ ನಮ್ಮ ಹುಡುಗರು ರೊಟ್ಟಿ ಚಟ್ನಿ ಹಂಚಿದರು. ಭಾಷೆ ಬಾರದಿದ್ದರೂ ಎಡಗೈ ಚಾಚಿದರೆ ಸಾಕು, ಸ್ಕೌಟಿನ ಕೈಕುಲುಕಿಗೆ ಎಲ್ಲ ರಾಜ್ಯದವರೂ ಎಡಗೈಯನ್ನೇ ನೀಡುತ್ತಿದ್ದರು. ಆ ಹುಡುಗ ಗಂಟು ಹಾಕುವುದರಲ್ಲಿ ತನ್ನ ಚಳಕವನ್ನು ತೋರಿಸಿ, ಯಾವುದೋ ದೂರದ ರಾಜ್ಯದ ಬಾಲಕನಿಂದ ಒಂದು ಬಿಲ್ಲೆಯನ್ನು ಕಾಣಿಕೆಯಾಗಿ ಪಡೆದು ಬಂದನು.

ಡಿಸೆಂಬರ್ 31ರ ರಾತ್ರಿ ನಾನು ದಳನಾಯಕರ ಸಭೆಯಲ್ಲಿದ್ದೆ. ನಮ್ಮ ತಂಡದವನೊಬ್ಬ ಓಡಿಬಂದು, "ಸರ್, ಬನ್ನಿ" ಎಂದನು. ನಾನು ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಶಿಬಿರಾಗ್ನಿಯಿಂದ ಹಿಂದಿರುಗುವಾಗ ಅವನು ಗುಡಾರದ ಮುಂದೆಯೇ ಬಿದ್ದಿದ್ದನು. ಅವನ ಜಗಳಗಂಟ ಗೆಳೆಯ ತನ್ನ ಸ್ಕಾರ್ಫನ್ನು ಮಡಿಸಿ ಅವನ ತಲೆಯ ಕೆಳಗಿಟ್ಟು, ಕೊರಳು ಸಡಿಲಿಸಿ, ಮಗ್ಗುಲಿಗೆ ಹೊರಳಿಸಿದ್ದನು. ಒಬ್ಬನನ್ನು ನನ್ನ ಬಳಿಗೂ ಇನ್ನೊಬ್ಬನನ್ನು ಶಿಬಿರದ ಆಸ್ಪತ್ರೆಗೂ ಓಡಿಸಿದ್ದನು. ಯಾರೋ ಹಿರಿಯರು ಬೀಗದ ಕೈ ಗೊಂಚಲನ್ನು ತಂದಾಗ ತನಗೆ ಬಂದಷ್ಟು ಹಿಂದಿಯಲ್ಲಿ, "ಚಾಬಿ ನಹೀಂ, ಚಾಬಿ ನಹೀಂ" ಎಂದು ತಡೆದಿದ್ದನು. ನನ್ನನ್ನು ಕಂಡೊಡನೆ ಅವನು ಹೇಳಿದ ಮೊದಲ ಮಾತು: "ಎರಡು ನಿಮಿಷ ನಲವತ್ತು ಸೆಕೆಂಡು, ಸರ್." ಉಳಿದ ಹುಡುಗರು ಸುತ್ತಲೂ ತಮ್ಮ ಕಂಬಳಿಗಳನ್ನು ಹಿಡಿದು, ಹೊರಗೆ ಮುಖ ಮಾಡಿ ನಿಂತಿದ್ದರು, ನೆರೆದವರ ಕಣ್ಣಿಗೆ ಅವನು ಬೀಳಬಾರದೆಂದು. ಇದನ್ನು ಅವರಿಗೆ ನಾನು ಕಲಿಸಿರಲಿಲ್ಲ.

ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಭಯವಿಲ್ಲವೆಂದರು. ಗುಳಿಗೆ ಒಂದೂ ತಪ್ಪಿರಲಿಲ್ಲ, ತಪ್ಪಿದ್ದು ನಿದ್ರೆ. ಉತ್ಸಾಹದಲ್ಲಿ ಎರಡು ರಾತ್ರಿ ಹುಡುಗರು ಮಾತನಾಡುತ್ತಲೇ ಕಳೆದಿದ್ದರು. ಅದನ್ನು ಗಮನಿಸದೆ ಹೋದದ್ದು ನನ್ನ ತಪ್ಪು. ನಾನು ಫೋನನ್ನು ಕೈಗೆತ್ತಿಕೊಂಡೆ. ಈಗ ಹುಡುಗ ಆರಾಮವಾಗಿದ್ದಾನೆ, ಬೆಳಿಗ್ಗೆ ಹೇಳಿದರಾಯಿತು ಎಂದು ಒಂದು ಮನಸ್ಸು ಹೇಳಿತು. ಆದರೆ ಮಾತು ಕೊಟ್ಟಿದ್ದೆ. ನಡೆದುದನ್ನು ಹೇಳಿ, ತಪ್ಪನ್ನೂ ಹೇಳಿ, "ಬೇಕಾದರೆ ನಾಳೆಯೇ ಕರೆತರುತ್ತೇನೆ" ಎಂದೆ. ತಂದೆ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿಯ ಧ್ವನಿ ಕೇಳಿಸಿತು. ಅದುವರೆಗೆ ಆಕೆ ನನ್ನೊಡನೆ ಒಂದು ಮಾತನ್ನೂ ಆಡಿರಲಿಲ್ಲ. "ಆಗ ಅವನ ಹತ್ತಿರ ಯಾರಿದ್ದರು?" ಎಂದು ಕೇಳಿದಳು. ಗೆಳೆಯನ ಹೆಸರು ಹೇಳಿದೆ. ಕಂಬಳಿ ಹಿಡಿದು ನಿಂತವರ ವಿಷಯ ಹೇಳಿದೆ. "ಹಾಗಾದರೆ ಇರಲಿ ಮಾಸ್ತರೇ. ಮುಗಿಸಿಕೊಂಡೇ ಬರಲಿ" ಎಂದಳು. ಅಂದಿನಿಂದ ಒಂಬತ್ತು ಗಂಟೆಗೆ ನಮ್ಮ ಗುಡಾರದ ದೀಪ ಆರುತ್ತಿತ್ತು. ಆರಿಸುವಂತೆ ನಾನು ಹೇಳಬೇಕಾಗಲಿಲ್ಲ, ಹುಡುಗರೇ ಆರಿಸುತ್ತಿದ್ದರು.

ಹೊಸ ವರ್ಷದ ಮೊದಲ ವಾರದಲ್ಲಿ ಊರಿಗೆ ಹಿಂದಿರುಗಿದೆವು. ಹುಡುಗರು ಬರೆದ ಅಂಚೆ ಕಾರ್ಡುಗಳು ಅವರು ಬಂದ ಎರಡು ದಿನಗಳ ಮೇಲೆ ಬಂದು ಸೇರಿದುವು, ಊರೆಲ್ಲ ನಕ್ಕಿತು. ಆ ಹುಡುಗನ ಕಾರ್ಡನ್ನು ಅವನ ತಂದೆ ತಂದು ನನ್ನ ಕೈಗಿತ್ತನು. ಅದರಲ್ಲಿ ಮೂರೇ ಸಾಲು: "ಅವ್ವಾ, ಇಲ್ಲಿ ಚಳಿ ಬಹಳ. ರೊಟ್ಟಿ ಮುಗಿದುವು. ನನ್ನದು ಎಲ್ಲರಿಗೂ ಗೊತ್ತಾಯಿತು, ಯಾರೂ ನಗಲಿಲ್ಲ."

ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೆ ನಾನು ಯಾವ ಒಪ್ಪಿಗೆ ಪತ್ರವನ್ನೂ ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಲಿಲ್ಲ. ನಾನೇ ಒಯ್ದು, ಕಟ್ಟೆಯ ಮೇಲೆ ಕುಳಿತು, ಓದಿ ಹೇಳಿ, ಕಾದು, ರುಜು ಪಡೆದು ಬರುತ್ತಿದ್ದೆ. ಕಂಬಳಿ, ಹಗ್ಗ, ದೀಪಗಳನ್ನು ಪಟ್ಟಿಯಲ್ಲಿ ಬರೆಯಬಹುದು. ಒಂದೊಂದು ಮನೆಯೂ ಯಾರಿಗೂ ತೋರಿಸದೆ ಮಡಿಸಿಟ್ಟ ಭಯವನ್ನೂ ನಾಚಿಕೆಯನ್ನೂ ಯಾವ ಪಟ್ಟಿಯಲ್ಲಿಯೂ ಬರೆಯಲಾಗದು. ಅವುಗಳನ್ನು ನಂಬಿಕೆಯಿಂದ ಬಿಚ್ಚಿ ತೋರಿಸಿದಾಗಲೇ ಪ್ರಯಾಣದ ಸಿದ್ಧತೆ ಪೂರ್ಣವಾಗುತ್ತದೆ. ನೀವೂ ಮುಂದೊಂದು ದಿನ ಇಂತಹ ಮೇಳಗಳಿಗೆ ಹೊರಡುವಿರಿ. ಪಟ್ಟಿಯಲ್ಲಿರುವ ವಸ್ತುಗಳನ್ನೆಲ್ಲ ತಪ್ಪದೆ ಗಂಟಿನಲ್ಲಿ ಇಟ್ಟುಕೊಳ್ಳಿ. ಒಂದು ಕಂಬಳಿ ಹೆಚ್ಚಾಗಿಯೇ ಇರಲಿ. ಅದನ್ನು ಹೊದೆಯುವ ಪ್ರಸಂಗ ಬಾರದಿರಬಹುದು. ಜೊತೆಯವನೊಬ್ಬನಿಗೆ ಮರೆಯಾಗಿ ಹಿಡಿದು ನಿಲ್ಲುವ ಪ್ರಸಂಗ ಬರಬಹುದು.